ಅಂಗೈಗೆ ಬಂದು ಕೂತ ಔಷಧಿ

ಚಪ್ಪಾಳೆ ತಟ್ಟಬಾರದು ಎಂದು ಡಾಕ್ಟರು ಹೇಳಿದಾಗ ನನ್ನ ಹೆಂಡತಿ ನಕ್ಕಳು.

"ಹಂಗಾದ್ರೆ ಶನಿವಾರದ ಭಜನೆಗೆ ನಾನು ಬರೀ ಬಾಯಿ ತಗೊಂಡು ಹೋಗ್ಬೇಕು," ಎಂದಳು.

ಡಾಕ್ಟರೂ ನಕ್ಕರು. ನಮಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಬಿಡಿಸಿ ಬಿಡಿಸಿ ಮಾತಾಡುವವರು. ಮೈಸೂರಿನ ಆಸ್ಪತ್ರೆಯಲ್ಲಿ ಅವರ ಕೋಣೆ ಕಿರಿದು. ನಾವಿಬ್ಬರು ಕೂತರೆ ಬಾಗಿಲು ಪೂರ್ತಿ ತೆರೆಯುತ್ತಿರಲಿಲ್ಲ. ನನ್ನ ಹೆಂಡತಿಗೆ ಅಂಡಾಶಯದ ಕ್ಯಾನ್ಸರ್. ಆಪರೇಷನ್ ಆಗಿತ್ತು, ಮೊದಲ ಸುತ್ತಿನ ಔಷಧಿಯೂ ಮುಗಿದಿತ್ತು, ವರ್ಷ ತುಂಬುವುದರೊಳಗೆ ಅದು ವಾಪಸು ಬಂದಿತ್ತು. ಈಗ ಬೇರೆ ಔಷಧಿ ಎಂದರು. ತಿಂಗಳಿಗೊಮ್ಮೆ ಡ್ರಿಪ್ಪಿನಲ್ಲಿ ಹೋಗುವ ಕೆಂಪು ಔಷಧಿ.

ಆ ಔಷಧಿಯನ್ನು ಕೊಬ್ಬಿನ ಗುಳ್ಳೆಗಳೊಳಗೆ ತುಂಬಿರುತ್ತಾರಂತೆ. ಒಂದು ತಲೆಗೂದಲಿನ ಅಡ್ಡಗಲದಲ್ಲಿ ಅಂಥ ಗುಳ್ಳೆಗಳನ್ನು ನೂರಾರು ಸಾಲಾಗಿ ಇಡಬಹುದಂತೆ. ನ್ಯಾನೋ ಎನ್ನುವ ಮಾತನ್ನು ನಾನು ಕೇಳಿದ್ದೆ, ಗೊಬ್ಬರದ ಬಾಟಲಿಯ ಮೇಲೆ ಓದಿದ್ದೆ. ಅದು ನನ್ನ ಹೆಂಡತಿಯ ರಕ್ತದೊಳಗೆ ಓಡಾಡುವ ವಸ್ತು ಎಂದು ಅಂದುಕೊಂಡಿರಲಿಲ್ಲ. ಡಾಕ್ಟರು ಕಾಗದದ ಮೇಲೆ ಎರಡು ಗೆರೆ ಎಳೆದು ತೋರಿಸಿದರು. ಇದು ಒಳ್ಳೆಯ ರಕ್ತನಾಳ, ಗೋಡೆ ಗಟ್ಟಿ, ಗುಳ್ಳೆ ಹೊರಗೆ ಬೀಳುವುದಿಲ್ಲ. ಇದು ಗಡ್ಡೆಯ ರಕ್ತನಾಳ, ಅವಸರದಲ್ಲಿ ಕಟ್ಟಿದ್ದು, ಅಲ್ಲಲ್ಲಿ ಸಂದು. ಗುಳ್ಳೆ ಆ ಸಂದಿನಲ್ಲಿ ಇಳಿದು, ಅಲ್ಲೇ ಒಡೆದು, ಔಷಧಿಯನ್ನು ಚೆಲ್ಲುತ್ತದೆ. ಎಲ್ಲೆಲ್ಲೋ ಚೆಲ್ಲದೆ ಬೇಕಾದ ಕಡೆಯೇ ಹೆಚ್ಚು ಚೆಲ್ಲುವುದರಿಂದ ಕೂದಲು ಅಷ್ಟಾಗಿ ಉದುರುವುದಿಲ್ಲ, ಹೃದಯಕ್ಕೂ ಏಟು ಕಡಿಮೆ.

ನಾನು ಭೂಮಾಪನದವನು. ನಂಜನಗೂಡಿನಲ್ಲಿ ಮನೆ, ನರಸೀಪುರದ ಕಚೇರಿಯಲ್ಲಿ ನೌಕರಿ, ಜಮೀನುಗಳ ಎಲ್ಲೆ ಅಳೆದು ಹದ್ದು ಗುರುತಿಸುವುದು ಕೆಲಸ. ಆ ಎರಡು ಗೆರೆಗಳು ನನಗೆ ಅರ್ಥವಾದವು. ಹದ್ದು ಎಷ್ಟೇ ಸರಿಯಾಗಿ ಗುರುತಿಸಿದರೂ ಒಂದು ಮೂಲೆಯಲ್ಲಿ ತಕರಾರು ಉಳಿದೇ ಇರುತ್ತದೆ ಎನ್ನುವುದೂ ಗೊತ್ತಿತ್ತು. ಆದ್ದರಿಂದ ಕೇಳಿದೆ: "ಬೇರೆ ಎಲ್ಲೂ ಸೋರೋದೇ ಇಲ್ವಾ?"

"ಸೋರುತ್ತೆ," ಎಂದರು. "ಅಂಗೈಯಲ್ಲಿ, ಅಂಗಾಲಲ್ಲಿ."

ಒತ್ತಡ ಬಿದ್ದಲ್ಲಿ, ಉಜ್ಜಿದಲ್ಲಿ, ಬಿಸಿ ತಗುಲಿದಲ್ಲಿ ಸಣ್ಣ ರಕ್ತನಾಳಗಳು ಅರಳಿಕೊಂಡು ಔಷಧಿ ಚರ್ಮದೊಳಗೆ ಇಳಿಯುತ್ತದೆ, ಬೆವರಿನ ಜೊತೆಗೂ ಬರುತ್ತದೆ ಎನ್ನುತ್ತಾರೆ, ಪೂರ್ತಿ ಯಾಕೆ ಎಂದು ಯಾರಿಗೂ ಇನ್ನೂ ಗೊತ್ತಿಲ್ಲ ಎಂದರು. ಮೊದಲು ಕೆಂಪು, ಜುಮುಜುಮು. ಆಮೇಲೆ ಊತ, ಬೊಬ್ಬೆ, ಸುಲಿಯುವುದು. ಅಂಗೈ ಕೆಟ್ಟರೆ ಮುಂದಿನ ಡೋಸ್ ಮುಂದಕ್ಕೆ ಹಾಕಬೇಕು. ತೀರಾ ಕೆಟ್ಟರೆ ಈ ಔಷಧಿಯನ್ನೇ ಬಿಡಬೇಕು. ಬಿಟ್ಟರೆ ಮುಂದೆ ಏನು ಎಂದು ನಾನು ಕೇಳಲಿಲ್ಲ.

ಡೋಸ್ ಆದ ವಾರವಂತೂ ಬಿಸಿನೀರು ಮುಟ್ಟುವಂತಿಲ್ಲ. ಪಾತ್ರೆ ಉಜ್ಜುವಂತಿಲ್ಲ, ಬಟ್ಟೆ ಹಿಂಡುವಂತಿಲ್ಲ, ಬರಿಗಾಲಲ್ಲಿ ಬಿಸಿಲ ಕಲ್ಲಿನ ಮೇಲೆ ನಡೆಯುವಂತಿಲ್ಲ. ಮುದ್ದೆ ಕಟ್ಟುವಂತಿಲ್ಲ.

ಕೊನೆಯದನ್ನು ಕೇಳಿದಾಗ ಅವಳು ನಗಲಿಲ್ಲ. ಕುದಿಯುವ ಹಿಟ್ಟಿನಿಂದ ಒದ್ದೆ ಕೈಯಲ್ಲಿ ಉಂಡೆ ಎತ್ತಿ, ಎರಡೇ ಸುತ್ತಿಗೆ ಮೊಟ್ಟೆಯ ಹಾಗೆ ನುಣ್ಣಗೆ ಮಾಡಿ ತಟ್ಟೆಗೆ ಇಳಿಸುವವಳು ಅವಳು. ಮೂಗೂರಿನ ತವರಿನಲ್ಲಿ ಕಲಿತದ್ದು. ಅಂದಿನಿಂದ ನಾನು ಒಲೆಯ ಮುಂದೆ ನಿಂತೆ. ಅವಳು ಅಡುಗೆಮನೆಯ ಬಾಗಿಲಲ್ಲಿ ಸ್ಟೂಲಿನ ಮೇಲೆ, ಎರಡೂ ಅಂಗೈಗಳನ್ನು ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕೂರುವಳು.

"ಕೋಲು ತಿರುಗ್ಸಿ ಅಂದ್ರೆ ಅಳತೆ ಸರಪಳಿ ಎಳೆದಂಗೆ ಎಳಿತೀರಲ್ರೀ. ಗಂಟಾಯ್ತು ನೋಡಿ."

"ಗಂಟು ತಿಂದ್ರೆ ಸಾಯಲ್ಲ."

"ಕ್ಯಾನ್ಸರಿಂದ ಸಾಯ್ದೆ ನಿಮ್ಮ ಮುದ್ದೆಯಿಂದ ಸತ್ರೆ ಮರ್ಯಾದೆ ಹೋಯ್ತದೆ."

ಕ್ಯಾನ್ಸರ್ ಎನ್ನುವ ಮಾತನ್ನು ಅವಳು ನಮ್ಮ ಮನೆಯೊಳಗೆ, ನನ್ನ ಮುಂದೆ ಮಾತ್ರ ಆಡುತ್ತಿದ್ದಳು. ಹೊರಗೆ ಯಾರಿಗೂ ಹೇಳಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಅವಳ ತಾಯಿಗೆ ಹೇಳಿರಲಿಲ್ಲ.

ಕಾರಣ ಇತ್ತು. ನನ್ನ ಅತ್ತೆಯ ತಂಗಿ ಇದೇ ಕಾಯಿಲೆಯಲ್ಲಿ ಹೋದವರು. ಅತ್ತೆ ಅವರನ್ನು ಮೂಗೂರಿನ ಮನೆಯ ನಡುಕೋಣೆಯಲ್ಲಿ ಇಟ್ಟುಕೊಂಡು ಕೊನೆಯವರೆಗೆ ನೋಡಿದರು. ಮಣ್ಣು ಮಾಡಿ ಬಂದ ದಿನ, "ಇದ ಇನ್ನೊಂದ್ ಸಲ ನೋಡಕ್ಕೆ ಮುಂಚೆ ನನ್ ಕಣ್ಣು ಮುಚ್ಲಿ," ಎಂದರಂತೆ. ನನ್ನ ಹೆಂಡತಿ ಆಗ ಪಕ್ಕದಲ್ಲಿದ್ದವಳು. ಆದ್ದರಿಂದ ಆಪರೇಷನ್ ಆದಾಗ ತಾಯಿಗೆ ಗರ್ಭಕೋಶದ ಸಾಮಾನ್ಯ ಗಡ್ಡೆ ಎಂದಳು. ಮೊದಲ ಸುತ್ತಿನಲ್ಲಿ ಕೂದಲು ಪೂರ್ತಿ ಉದುರಿದಾಗ ನಂಜುಂಡೇಶ್ವರನಿಗೆ ಮುಡಿ ಕೊಟ್ಟೆ ಎಂದಳು. ನಮ್ಮೂರಿನಲ್ಲಿ ಬೋಳುತಲೆಗೆ ಬೇರೆ ವಿವರಣೆ ಬೇಕಿಲ್ಲ, ಕಪಿಲೆಯ ಸ್ನಾನಘಟ್ಟದ ಕಡೆಯಿಂದ ಬರುವ ಹತ್ತು ಜನರಲ್ಲಿ ನಾಲ್ಕು ಜನ ಹಾಗೆಯೇ ಇರುತ್ತಾರೆ. ಅತ್ತೆ ನೋಡಲು ಬಂದಾಗ ಮಗಳ ತಲೆ ಸವರಿ, "ಒಳ್ಳೇದ್ ಮಾಡ್ದೆ ಕೂಸೇ," ಎಂದು ಹೋಗಿದ್ದರು. ಈಗ ಕೂದಲು ಕತ್ತಿನವರೆಗೆ ಬಂದಿತ್ತು. ಹೊಸ ಔಷಧಿ ಅದನ್ನು ಮುಟ್ಟಲಿಲ್ಲ. ಯಾರೂ ಅನುಮಾನ ಪಡುವಂತಿರಲಿಲ್ಲ.

"ಅವ್ವಂಗೆ ನೀವು ಹೇಳಿದ ದಿನ ನಾನು ಆಸ್ಪತ್ರೆ ಮೆಟ್ಟಿಲು ಹತ್ತೋದು ನಿಲ್ಲಿಸ್ತೀನಿ," ಎಂದು ಒಮ್ಮೆ ಹೇಳಿದ್ದಳು. ತಮಾಷೆಗಲ್ಲ. ಅವಳು ಹಾಗೆ ಹೇಳಿದ್ದನ್ನು ಮಾಡುವವಳು.

ಕೆಲವು ಡೋಸ್ ಆದ ಮೇಲೆ ಸ್ಕ್ಯಾನ್ ಮಾಡಿದರು. ಗಡ್ಡೆ ಕುಗ್ಗಿತ್ತು. ಡಾಕ್ಟರು ಚಿತ್ರವನ್ನು ನಮ್ಮ ಕಡೆ ತಿರುಗಿಸಿ ತೋರಿಸಿ, "ಇದು ಕೇಳ್ತಾ ಇದೆ, ಬಿಡೋದು ಬೇಡ," ಎಂದರು. ಅಂಗೈ ಕೆಂಪಗಿತ್ತು, ಅಷ್ಟೇ. ಆ ದಿನವೇ ಮುಂದಿನ ಡೋಸೂ ಹೋಯಿತು. ಮರುದಿನ ಮಧ್ಯಾಹ್ನ ಅತ್ತೆ ಬಂದರು.

ಹೇಳಿ ಬಂದವರಲ್ಲ. ಊರಿನ ಹಬ್ಬಕ್ಕೆ ಮಗಳು ಬರಲಿಲ್ಲ, ಫೋನಿನಲ್ಲಿ ದನಿ ಸೋತಿತ್ತು, ಬಸ್ಸು ಹತ್ತಿಬಿಟ್ಟರು. ಎಪ್ಪತ್ತು ದಾಟಿದ ಗಟ್ಟಿ ಹೆಂಗಸು. ಮೂಗೂರಿನ ಸುತ್ತ ಬಾಣಂತಿಯರಿಗೆ ಎರೆಯಲು, ಉಳುಕಿದವರಿಗೆ, ಸೊಂಟ ಹಿಡಿದವರಿಗೆ ಶಾಖ ಕೊಡಲು ಅವರನ್ನೇ ಕರೆಯುತ್ತಿದ್ದರು. ಲಕ್ಕಿಸೊಪ್ಪನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಕಾದ ಹೆಂಚಿಗೆ ಒತ್ತಿ, ಮೊದಲು ತಮ್ಮ ಅಂಗೈಗೆ ಇಟ್ಟು ನೋಡಿ, ಆಮೇಲೆ ನೋವಿರುವ ಕಡೆ ಇಡುವರು. ಅವರ ಕೈಗೆ ಬಿಸಿ ತಿಳಿಯುವುದೇ ಇಲ್ಲವೇನೋ ಎಂದು ಜನ ಆಡಿಕೊಳ್ಳುತ್ತಿದ್ದರು.

ಬಂದವರು ಚೀಲ ಇಳಿಸುವ ಮೊದಲೇ ಮಗಳ ಕೈ ನೋಡಿದರು.

"ಏನ್ ಕೂಸೇ, ಅಂಗೈ ಇಂಗ್ ಕೆಂಪಗಾಗದೆ?"

"ಮದರಂಗಿ ಹಾಕ್ಕೊಂಡಿದ್ದೆ ಅವ್ವ."

"ಮದರಂಗಿ ಉಗುರ ಬುಟ್ಟು ಅಂಗೈಗೆ ಮಾತ್ರ ಅತ್ತದಾ?"

ನನ್ನ ಹೆಂಡತಿ ನನ್ನ ಕಡೆ ನೋಡಿದಳು. ನಾನು ಚೀಲ ಎತ್ತಿಕೊಂಡು ಒಳಗೆ ಹೋದೆ.

"ಜುಮ್ ಅಂತದೆ ಅಷ್ಟೇ. ನರ ಏನೋ," ಎಂದಳು.

"ನರ ಅಲ್ಲ, ಸೀತ. ಒದ್ದೆ ಬಟ್ಟೆ ಸುತ್ಕಂಡ್ ಕುಂತ್ರೆ ಇನ್ನೇನಾದದು? ಮೂರ್ ದಿನ ಸಾಕ ಕೊಟ್ರೆ ಎಳ್ದಾಕ್ಬುಡ್ತದೆ."

ನಾನು ಹೊರಗೆ ಬಂದು, ನನ್ನ ಮಂಡಿ ತುಂಬಾ ನೋಯುತ್ತಿದೆ, ಮೊದಲು ಅದಕ್ಕೆ ಕೊಡಿ ಎಂದೆ. ಸುಳ್ಳೇನಲ್ಲ, ಗದ್ದೆಯ ಬದುವಿನ ಮೇಲೆ ನಡೆದ ಮಂಡಿ.

"ನಿಮ್ಗೂ ಕೊಡ್ತೀನಿ ಕನಾ ಅಳಿಯಂದ್ರೆ, ಸಾಲಲ್ ಬನ್ನಿ," ಎಂದರು.

ಆ ಸಂಜೆ ನನ್ನ ಎರಡೂ ಮಂಡಿಗೆ ಶಾಖ ಕೊಡಿಸಿಕೊಂಡೆ. ಎಡಗಡೆ, ಬಲಗಡೆ, ಹಿಂದೆ, ಇನ್ನೂ ಸ್ವಲ್ಪ ಮೇಲೆ. ಕೊಟ್ಟೂ ಕೊಟ್ಟೂ ಅತ್ತೆಗೆ ದಣಿವಾಯಿತು, ತಂದಿದ್ದ ಸೊಪ್ಪು ಸತ್ವ ಕಳೆದುಕೊಂಡಿತು, ಮಗಳಿಗೆ ನಾಳೆ ಎಂದರು. ಹೆಂಡತಿ ನನ್ನನ್ನು ನೋಡಿ ಕಣ್ಣಲ್ಲೇ ನಕ್ಕಳು. ನನಗೆ ನಗು ಬರಲಿಲ್ಲ. ಆ ಗಂಟು ಎಷ್ಟು ಬಿಸಿ, ಎಷ್ಟು ಒತ್ತಿ ಹಿಡಿಯುತ್ತಾರೆ ಎನ್ನುವುದು ಈಗ ನನ್ನ ಮಂಡಿಗೆ ಗೊತ್ತಿತ್ತು.

ಮರುದಿನ ಮುಡುಕುತೊರೆಯ ಹತ್ತಿರ ಒಂದು ಅಳತೆ ಇತ್ತು. ಎರಡೂ ಕಡೆಯ ರೈತರಿಗೆ ನೋಟಿಸು ಹೋಗಿತ್ತು, ನಾನು ಹೋಗದೆ ಇರುವಂತಿರಲಿಲ್ಲ. ಹೊರಡುವಾಗ ಬಾಗಿಲಲ್ಲಿ ಹೆಂಡತಿಗೆ, "ನಿದ್ದೆ ಬಂದಂಗೆ ಮಲಗಿಬಿಡು," ಎಂದೆ. "ದಿನವೆಲ್ಲಾನಾ?" ಎಂದಳು. ಅಲ್ಲಿ ಅಣ್ಣತಮ್ಮಂದಿರಿಬ್ಬರು ಬೇಲಿಯ ಎರಡು ಬದಿಗೆ ನಿಂತು ಜಗಳ ತೆಗೆದರು. ಒಬ್ಬ, "ಸಾ, ಕಲ್ಲು ಅಲ್ಲಿತ್ತು ಸಾ," ಎಂದರೆ ಇನ್ನೊಬ್ಬ, "ನಿಮ್ಮಪ್ಪ ಕಿತ್ತಾಕಿದ್ದು ಕಣ್ಲಾ," ಎಂದ. ಇಬ್ಬರಿಗೂ ಒಬ್ಬನೇ ಅಪ್ಪ. ಬೇರೆ ದಿನವಾಗಿದ್ದರೆ ಮನೆಗೆ ಹೋಗಿ ಹೆಂಡತಿಗೆ ಹೇಳಿ ನಗಿಸುತ್ತಿದ್ದೆ.

ಸಂಜೆ ಬಂದಾಗ ಬಾಗಿಲಿಗೇ ಲಕ್ಕಿಸೊಪ್ಪಿನ ಘಾಟು ಬಡಿಯಿತು. ನಡುಮನೆಯಲ್ಲಿ ಹೆಂಡತಿ ಗೋಡೆಗೆ ಒರಗಿ ಕೂತಿದ್ದಳು. ಎಡಗೈ ತಾಯಿಯ ತೊಡೆಯ ಮೇಲೆ ಅಂಗಾತವಾಗಿತ್ತು. ಅತ್ತೆ ಗಂಟನ್ನು ಅದರ ಮೇಲೆ ಒತ್ತಿ, ಎತ್ತಿ, ಮತ್ತೆ ಒತ್ತುತ್ತಿದ್ದರು. ಪಕ್ಕದಲ್ಲಿ ಕರೆಂಟ್ ಒಲೆ, ಮೇಲೆ ಹೆಂಚು.

ನಾನು ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ಹೇಳಿದೆ: "ಅತ್ತೆ, ಬೇಡ. ಡಾಕ್ಟ್ರು ಬಿಸಿ ಬೇಡ ಅಂದವ್ರೆ."

ಅತ್ತೆ ಕೈ ನಿಲ್ಲಿಸಿದರು. "ಯಾವ್ ಡಾಕ್ಟ್ರು? ಯಾಕಂತೆ?"

ಎರಡು ಪ್ರಶ್ನೆ. ಎರಡಕ್ಕೂ ಉತ್ತರ ನನ್ನ ಬಾಯಲ್ಲಿತ್ತು. ಹೇಳಿದರೆ ಅವಳು ಆಸ್ಪತ್ರೆ ಬಿಡುತ್ತಾಳೆ. ಹೇಳದಿದ್ದರೆ ಅಂಗೈ ಕೆಟ್ಟು ಆಸ್ಪತ್ರೆಯೇ ಅವಳನ್ನು ವಾಪಸು ಕಳಿಸುತ್ತದೆ. ಮನೆಯ ಮುಂದಿನ ಬಾಗಿಲು, ಹಿತ್ತಿಲ ಬಾಗಿಲು ಎರಡೂ ತೆರೆದಿದ್ದವು. ನನಗೆ ಎಲ್ಲೂ ದಾರಿ ಕಾಣಲಿಲ್ಲ.

ನನ್ನ ಹೆಂಡತಿಯೇ ಮಾತಾಡಿದಳು. "ಇವ್ರಿಗೆ ಎಲ್ಲಾದಕ್ಕೂ ಭಯ ಅವ್ವ. ನೀನು ಕೊಡು." ಹೇಳಿ, ಬಲಗೈಯನ್ನೂ ತಾನೇ ಮುಂದೆ ಚಾಚಿದಳು. ಚಾಚುವಾಗ ಬೆರಳುಗಳು ಒಂದಿಷ್ಟು ಮಡಿಚಿಕೊಂಡವು, ಮತ್ತೆ ಅವಳೇ ಬಿಡಿಸಿದಳು. ಅತ್ತೆ ಗಂಟನ್ನು ತಮ್ಮ ಅಂಗೈಗೆ ಇಟ್ಟು ನೋಡಿ, "ಅಂತ ಬಿಸಿ ಏನಿಲ್ಲ," ಎಂದು ಒತ್ತಿದರು. ಅವಳು ಕಣ್ಣು ಮುಚ್ಚಲಿಲ್ಲ. ತಾಯಿಯ ಮುಖವನ್ನೇ ನೋಡುತ್ತಿದ್ದಳು. ನಾನು ನೋಡಿದ್ದು ಇಷ್ಟು.

ಹತ್ತು ದಿನ ಕಳೆಯುವುದರೊಳಗೆ ಅಂಗೈ ಊದಿತು. ಬೆರಳಿನ ಬುಡದಲ್ಲಿ ಬೊಬ್ಬೆ ಎದ್ದವು, ಆಮೇಲೆ ಚರ್ಮ ಹಾಳೆಹಾಳೆಯಾಗಿ ಸುಲಿಯಿತು. ಅವಳಿಗೆ ಲೋಟ ಹಿಡಿಯಲಾಗುತ್ತಿರಲಿಲ್ಲ, ನಾನೇ ಕುಡಿಸಿದೆ. ಶಾಖ ನಿಲ್ಲುತ್ತದೆ ಎಂದುಕೊಂಡೆ. ಅತ್ತೆ ಸುಲಿದ ಚರ್ಮ ನೋಡಿ ಸಮಾಧಾನಪಟ್ಟರು.

"ಒಳಗಿನ್ ನಂಜು ಈಚೆ ಬತ್ತಾ ಅದೆ. ನಿನ್ ಕೈ ವಾಸಿಯಾಗೋಗಂಟ ನಾನ್ ಊರ್ಗೆ ಓಗಕಿಲ್ಲ."

ಇನ್ನು ಕೈಗೆ ಬೇಡ ಎಂದು ಹೆಂಡತಿ ಹೇಗೋ ಒಪ್ಪಿಸಿದಳು, ಹಸಿ ಚರ್ಮ ಎಂದು. ಅತ್ತೆ ಶಾಖವನ್ನು ಪಾದಕ್ಕೆ ಕೊಂಡೊಯ್ದರು. ನಾನು ಸೊಪ್ಪಿನ ಕಟ್ಟನ್ನು ಬೀದಿಯ ಹಸುವಿಗೆ ಹಾಕಿದೆ. ಹಸು ಮೂಸಿ ನೋಡಿ ಬಿಟ್ಟುಹೋಯಿತು. ಅತ್ತೆ ಹೊಳೆಯ ದಾರಿಯಲ್ಲಿ ಹೋಗಿ ಹೊಸದು ಮುರಿದು ತಂದರು.

ಮುಂದಿನ ಡೋಸಿನ ದಿನ ಸಕ್ಕರೆ ಕಾಯಿಲೆಯ ಪರೀಕ್ಷೆಗೆ ಎಂದು ಅತ್ತೆಗೆ ಹೇಳಿ ಮೈಸೂರಿಗೆ ಹೋದೆವು. ಡಾಕ್ಟರು ಅಂಗೈಯನ್ನು ಮುಟ್ಟದೆ, ಬಾಗಿ ನೋಡಿದರು. ಪಾದ ನೋಡಿದರು. ಬಿಸಿ ತಗುಲಿತಾ ಎಂದು ಕೇಳಿದರು. ನಾನು ಹೆಂಡತಿಯನ್ನು ನೋಡಿದೆ. "ತಗುಲಿತು," ಎಂದಳು.

"ಇವತ್ತು ಕೊಡಕ್ಕಾಗಲ್ಲ ಅಮ್ಮ. ಎರಡು ವಾರ ಕಾಯೋಣ. ಆಗಲೂ ಹೀಗೇ ಇದ್ರೆ ಇದನ್ನ ಬಿಡಬೇಕಾಗುತ್ತೆ."

ವಾಪಸು ರೈಲಿನಲ್ಲಿ ಅವಳು ಕಿಟಕಿಯ ಸರಳು ಹಿಡಿಯಲಿಲ್ಲ, ಹಿಡಿಯುವಂತಿರಲಿಲ್ಲ. ಕೈಗಳನ್ನು ಎರಡು ಒಡೆದ ವಸ್ತುಗಳ ಹಾಗೆ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ನಾನು ಕೇಳದೆಯೇ ಹೇಳಿದಳು.

"ಅವ್ವ ಚಿಕ್ಕವ್ವನಿಗೂ ಕೊಡ್ತಿದ್ಲು ಕಣ್ರೀ ಶಾಖ. ಕೊನೆಕೊನೆಗೆ ಏನೂ ಮಾಡಕ್ಕಾಗ್ದಿದ್ದಾಗ ಅದೊಂದೇ. ನಾನು ಕೈ ಎಳ್ಕೊಂಡ್ರೆ ಅವ್ಳಿಗೆ ಏನು ಉಳೀತದೆ ಅನ್ನಿಸ್ತು."

"ನನಗೆ ಏನು ಉಳೀತದೆ?" ಎಂದೆ.

ನಂಜನಗೂಡು ಬಂತು.

ಮನೆಗೆ ಬಂದಾಗ ಹೆಂಚು ಕಾದಿತ್ತು. ನಾವು ಬರುವ ಹೊತ್ತಿಗೆ ಸರಿಯಾಗಿ ಅತ್ತೆ ಗಂಟು ಕಟ್ಟಿ ಇಟ್ಟಿದ್ದರು. "ಕುಂತ್ಕೊ, ಕಾಲ್ ನೀಡು," ಎಂದರು.

ಹೆಂಡತಿ ಕೂತಳು. ಕಾಲು ನೀಡಲಿಲ್ಲ, ಸೀರೆಯೊಳಗೆ ಎಳೆದುಕೊಂಡಳು.

"ಬೇಡ ಅವ್ವ."

"ಯಾಕ್ ಕೂಸೇ?"

"ನನ್ನ ಮೈಲಿ ಒಂದು ಔಷಧಿ ಓಡಾಡ್ತಾ ಅದೆ. ಅದು ಹೊಟ್ಟೆಗೆ ಹೋಗಬೇಕು. ಬಿಸಿ ಕೊಟ್ರೆ ಅಂಗೈಗೆ, ಅಂಗಾಲಿಗೆ ಬಂದು ಕೂತ್ಬಿಡ್ತದೆ. ಅದೇ ಸುಡೋದು."

"ಒಟ್ಟೆಲೇನದೆ ಈಗ? ಗಡ್ಡೆ ತಗ್ದಾಯ್ತಲ್ಲ."

"ಚಿಕ್ಕವ್ವನಿಗೆ ಇತ್ತಲ್ಲ, ಅದು."

ನಾನು ಅತ್ತೆಯನ್ನು ನೋಡುತ್ತಿದ್ದೆ. ಅವರು ಅಳಲಿಲ್ಲ, ಎದ್ದೇಳಲೂ ಇಲ್ಲ. ಮಗಳ ತಲೆ ನೋಡಿದರು.

"ಅವ್ಳ ಕೂದ್ಲು ಒಂದೂ ಉಳೀನಿಲ್ಲ. ನಿನ್ಗಿದೆ."

"ಈ ಔಷಧಿ ಕೂದ್ಲು ತೆಗೆಯಲ್ಲ ಅವ್ವ. ಮೊದಲಿನದು ತೆಗೀತು."

"ನೀ ಮುಡಿ ಕೊಟ್ಟಿದ್ದು?"

"ಕೊಡ್ಲಿಲ್ಲ. ಉದುರೋಯ್ತು."

ಆಗ ಅವರಿಗೆ ಸಿಟ್ಟು ಬಂತು, ಮುಖ ಕೆಂಪಾಯಿತು. "ದ್ಯಾವ್ರ್ ಎಸ್ರೇಳಿ ಸುಳ್ಳೇಳ್ದ್ಯಾ? ನಂಜುಂಡನ್ ಎಸ್ರೇಳಿ? ಮಂದಿಗೆಲ್ಲಾ ಏಳ್ಕಂಡ್ ಬಂದಿವ್ನಿ ನಾನು, ನನ್ ಮಗ್ಳು ಮುಡಿ ಕೊಟ್ಟವ್ಳೆ ಅಂತ!" ನನ್ನ ಕಡೆ ತಿರುಗಿ, "ನೀವೂ ಸೇರ್ಕಂಡ್ರಾ ಸಾಯೇಬ್ರೇ?" ಎಂದರು. ಅವರು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. ಬಯ್ಯುತ್ತಲೇ ಇದ್ದರು, ದನಿ ಏರುತ್ತಲೇ ಇತ್ತು, ಹೆಂಚಿನ ಮೇಲಿನ ಗಂಟು ಸೀದ ವಾಸನೆ ಬಂತು. ಮಾತು ಅಲ್ಲಿಗೆ ನಿಂತಿತು. ಒಲೆ ಆರಿಸಿದರು. ಗಂಟನ್ನು ಎತ್ತಿ ತಮ್ಮ ಅಂಗೈಗೆ ಇಟ್ಟುಕೊಂಡು, ಬಹಳ ಹೊತ್ತು ತೆಗೆಯಲಿಲ್ಲ.

"ನಾನೇ ಸುಟ್ಟಂಗಾಯ್ತು," ಎಂದರು.

"ನಾನೇ ಕೈ ಕೊಟ್ಟೆ ಅವ್ವ."

ಅತ್ತೆ ಮಗಳ ಕೈ ಹಿಡಿಯಲು ಹೋಗಿ ತಡೆದರು. "ಮುಟ್ಟಬೋದಾ?"

"ಮುಟ್ಟಬಹುದು. ಒತ್ತಬಾರದು."

ಅವರು ಮಡಕೆಯ ನೀರಿನಲ್ಲಿ ತಮ್ಮ ಕೈ ಅದ್ದಿ ಬಂದು, ಮಗಳ ಕೈಗಳ ಕೆಳಗೆ ತಮ್ಮ ಕೈಗಳನ್ನು ಬರಿದೇ ಇಟ್ಟರು. ಮೇಲೆ ಏನೂ ಮುಚ್ಚಲಿಲ್ಲ.

ಆಮೇಲಿನ ಎರಡು ವಾರ ನಮ್ಮ ಮನೆ ಸಡಿಲವಾಯಿತು ಎಂದರೆ ಸುಳ್ಳಾಗುತ್ತದೆ. ಇನ್ನೂ ಬಿಗಿಯಾಯಿತು. ಡಾಕ್ಟರು ಬೇಡವೆಂದದ್ದಕ್ಕಿಂತ ಹೆಚ್ಚು ಅತ್ತೆ ಬೇಡವೆಂದರು. ಕಿಟಕಿಯ ಬಿಸಿಲು ಅವಳ ಕೈ ಮೇಲೆ ಬಿದ್ದರೆ ಪರದೆ ಎಳೆಯುವರು. ಸಾರು ಆರುವವರೆಗೆ ತಟ್ಟೆ ಇಡುವುದಿಲ್ಲ. ಬಾಗಿಲಿಗೆ ಬಂದ ಭಜನೆಯ ಹೆಂಗಸರಿಗೆ, "ಅವಳ್ಗೆ ಚಪ್ಪಾಳೆ ಇಲ್ಲ," ಎಂದು ಹೇಳಿ ಕಳಿಸಿದರು. ಮುದ್ದೆಯನ್ನು ಅವರೇ ಕಟ್ಟಿದರು, ಅದೊಂದು ನನಗೆ ಬಿಡುಗಡೆ. ಮಾತು ಕಡಿಮೆಯಾಯಿತು. ನಾವು ಮೂವರೂ ದಿನಕ್ಕೆ ಹಲವು ಸಲ ಎರಡು ಅಂಗೈಗಳನ್ನು ನೋಡುತ್ತಿದ್ದೆವು, ಅದರ ಮೇಲೆ ಹೊಸ ಚರ್ಮ ಬರುತ್ತಿದೆಯೇ ಎಂದು. ಒಂದು ಸಂಜೆ ಹೆಂಡತಿ ನನ್ನ ಕಿವಿಯಲ್ಲಿ, "ಹೇಳ್ದೆ ಇದ್ದಾಗ ಒಬ್ರೇ ಕಾವಲಿದ್ರಿ. ಈಗ ಇಬ್ರು," ಎಂದಳು.

ಚರ್ಮ ಬಂತು. ತೆಳು, ಹೊಳಪು, ಕೂಸಿನ ಅಂಗೈಯ ಹಾಗೆ. ಡಾಕ್ಟರು ನೋಡಿ, ಪ್ರಮಾಣ ಇಳಿಸಿ ಕೊಡೋಣ, ಆದರೆ ಇದು ಕೊನೆಯ ಅವಕಾಶ ಎಂದುಕೊಳ್ಳಿ ಎಂದರು. ಇಳಿಸಿದ ಪ್ರಮಾಣ ಗಡ್ಡೆಗೆ ಸಾಕಾಗುತ್ತದೆಯೇ ಎಂದು ಕೇಳಿದೆ. ಮುಂದಿನ ಸ್ಕ್ಯಾನ್ ಹೇಳಬೇಕು ಎಂದರು.

ಅತ್ತೆ ಈ ಸಲ ಜೊತೆಗೆ ಬಂದಿದ್ದರು. ಕೆಂಪು ನೀರಿನ ಚೀಲ ಮೇಲೆ ತೂಗಿತು. ನರ್ಸು ಐಸ್ ಪ್ಯಾಕ್ ತಂದು, ಔಷಧಿ ಹೋಗುವಷ್ಟು ಹೊತ್ತೂ ಅಂಗೈ ತಣ್ಣಗೆ ಇರಬೇಕು, ರಕ್ತನಾಳ ಮುದುರಿಕೊಂಡಿರಬೇಕು ಎಂದರು. ಹೆಂಡತಿ ಅದನ್ನು ಬಿಗಿಯಾಗಿ ಹಿಡಿಯುವಂತಿಲ್ಲ, ಒತ್ತಡವಾಗುತ್ತದೆ. ಅತ್ತೆ ಸ್ಟೂಲು ಎಳೆದುಕೊಂಡು ಕೂತು ಐಸನ್ನು ಬಟ್ಟೆಯಲ್ಲಿ ಸುತ್ತಿ, ತಮ್ಮ ಎರಡು ಅಂಗೈಗಳ ಮೇಲೆ ಇಟ್ಟುಕೊಂಡು, ಅದರ ಮೇಲೆ ಮಗಳ ಕೈಗಳನ್ನು ಮಲಗಿಸಿಕೊಂಡರು. ಬಟ್ಟೆಯ ದಪ್ಪ ಭಾಗ ಮಗಳ ಕಡೆಗಿತ್ತು.

"ಅಜ್ಜಿ, ನಿಮ್ಮ ಕೈ ಮರಗಟ್ಟುತ್ತೆ. ಹಾಸಿಗೆ ಮೇಲಿಡಿ," ಎಂದರು ನರ್ಸು.

"ನನ್ ಕೈಗೇನಾಯ್ತದೆ, ಬುಡವ್ವ."

ನಾನು ಹಿಡಿಯುತ್ತೇನೆ ಎಂದೆ. "ನೀವ್ ಕುಂತ್ಕಳಿ," ಎಂದರು. ಚೀಲದಿಂದ ಹನಿ ಇಳಿಯುತ್ತಿತ್ತು. ಅತ್ತೆ ಒಮ್ಮೆ ಚೀಲವನ್ನು, ಒಮ್ಮೆ ಮಗಳ ಹೊಟ್ಟೆಯನ್ನು ನೋಡುತ್ತಿದ್ದರು, ದಾರಿ ತಪ್ಪದಂತೆ ಯಾರನ್ನೋ ಊರಿಗೆ ಕಳಿಸುವ ಹಾಗೆ. ಕರಗಿದ ನೀರು ಅವರ ಮೊಣಕೈಗೆ ಇಳಿದು ಸೀರೆ ಒದ್ದೆಯಾಯಿತು.

ಚೀಲ ಬರಿದಾದಾಗ ನರ್ಸು ಸೂಜಿ ತೆಗೆದರು. ನಾನು ಅತ್ತೆಗೆ ಕಾಫಿ ತಂದೆ. ಅವರು ಲೋಟಕ್ಕೆ ಕೈ ಚಾಚಿದರು, ಬೆರಳು ಮಡಿಚಲು ಬರಲಿಲ್ಲ. ಇನ್ನೊಂದು ಕೈ ಚಾಚಿದರು. ಅದೂ ಬರಲಿಲ್ಲ.

"ಅವ್ವ, ಶಾಖ ಕೊಡ್ಲಾ?" ಎಂದಳು ನನ್ನ ಹೆಂಡತಿ.

"ಸುಮ್ಕಿರು ಕೂಸೇ," ಎಂದರು ಅತ್ತೆ. ಇಬ್ಬರೂ ಕೈಗಳನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು ಕೂತಿದ್ದರು. ನಾನು ಕಾಫಿಯನ್ನು ಆರಿಸಿ, ಮೊದಲು ಒಬ್ಬರಿಗೆ, ಆಮೇಲೆ ಇನ್ನೊಬ್ಬರಿಗೆ ಕುಡಿಸಿದೆ.